ಕನ್ನಡ ನಾಡಿನ ತಲೆಬಾಗಿಲು

ಹೊಸ ಮನೆಯನ್ನು ಕಟ್ಟಿಸುವವನಿಗೆ ಗೋಡೆ ಮಾಳಿಗೆಗಳ ವಿಷಯದಲ್ಲಿ ಬಾರದ ಸಂದೇಹವು ತಲೆಬಾಗಿಲಿನ ವಿಷಯದಲ್ಲಿ ಬರುವುದುಂಟು. ಯಾವ ಮರ, ಎಂತಹ ಕೆತ್ತನೆ, ಒಂದು ಕದವೋ ಎರಡು ಕದವೋ, ಬಣ್ಣ ಬಳಿಯಬೇಕೋ ಎಣ್ಣೆ ಹಚ್ಚಿ ಮರದ ಮೈಯನ್ನೇ ಕಾಣಗೊಡಬೇಕೋ ಎಂದು ಅವನು ಹತ್ತು ಮನೆಗಳ ಮುಂದೆ ನಿಂತು ನೋಡಿಬರುವನು. ಮನೆಯ ಒಳಗನ್ನು ಕಾಣುವವರು ಕೆಲವರು. ತಲೆಬಾಗಿಲನ್ನು ಬೀದಿಯಲ್ಲಿ ಹೋಗುವವರೆಲ್ಲರೂ ಕಾಣುವರು. ಆದುದರಿಂದ ಈ ಸಂದೇಹವು ಸಹಜವಾದುದೇ ಸರಿ. ಆದರೆ ಪ್ರಶ್ನೆಯು ಇಂದು ಹುಟ್ಟಿದುದಲ್ಲ. ಕನ್ನಡ ನಾಡಿನ ಶಿಲ್ಪಿಗಳೂ ಬಡಗಿಗಳೂ ಗೃಹಿಣಿಯರೂ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಇದಕ್ಕೆ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಕೊಡುತ್ತ ಬಂದಿರುವರು. ಆ ಉತ್ತರಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಸಂಗತಿಯು ವಿದಿತವಾಗುವುದು. ಹಿಂದಿನವರು ಅಂದವನ್ನೂ ಬಣ್ಣವನ್ನೂ ಹೆಚ್ಚಾಗಿ ಇರಿಸಿದುದು ಬಾಗಿಲವಾಡದಲ್ಲಿ ಮತ್ತು ಹೊಸ್ತಿಲಿನಲ್ಲಿ. ತೆರೆದು ಮುಚ್ಚುವ ಕದದಲ್ಲಿ ಅಲ್ಲ. ಈ ಕ್ರಮವು ಹೇಗೆ ಬೆಳೆಯಿತು, ಹೇಗೆ ಮಾಸಿತು ಎಂಬುದೇ ತಲೆಬಾಗಿಲಿನ ಚರಿತ್ರೆ.

ಮೊದಲು ಮಾತುಗಳನ್ನು ವಿಚಾರಿಸಬಹುದು. ‘ಬಾಗಿಲು’ ಎಂಬುದು ತಮಿಳಿನ ‘ವಾಯಿಲ್’ ಎಂಬ ಪದದ ಒಡಹುಟ್ಟು; ‘ಬಾಯಿ’ ಎಂಬ ಮಾತಿಗೂ ಇವಕ್ಕೂ ನಂಟುಂಟು. ಬಾಗಿಲೆಂದರೆ ಮನೆಯ ಬಾಯಿ ಎಂಬ ಭಾವವು ಭಾಷೆಯಲ್ಲಿಯೇ ಅಡಗಿದೆ. ಮನೆಗೆ ಎಷ್ಟು ಬಾಗಿಲುಗಳಿದ್ದರೂ ಮುಂದಿನದೊಂದೇ ‘ತಲೆಬಾಗಿಲು’. ನಿಂತ ಎರಡು ಕಂಬಗಳು, ಮೇಲಿನ ಅಡ್ಡತೊಲೆ, ಕೆಳಗಿನ ಹೊಸ್ತಿಲು ಇವು ಕೂಡಿದುದು ಬಾಗಿಲವಾಡ. ಇದನ್ನು ಹಳೆಯ ಮೈಸೂರು ಸೀಮೆಯ ಬಡಗಿಗಳು ವಾಸಕಾಲು ಎನ್ನುವರು. ಉತ್ತರದ ಸೀಮೆಯಲ್ಲಿ ಚೌಕಟ್ಟು ಎನ್ನುವರು. ಇದರೊಳಗೆ ತಿರುಗುವ ಹಲಗೆಯು ಕದ. ಅದನ್ನು ಒಳಗಿನಿಂದ ಭದ್ರಪಡಿಸುವುದು ಅಗುಳಿ. ಹಳೆಯ ಬಾಗಿಲುಗಳಿಗೆ ಕಬ್ಬಿಣದ ಕೀಲುಗಳಿರಲಿಲ್ಲ. ಕದದ ಒಂದು ಅಂಚನ್ನು ಮೇಲೆ ಕೆಳಗೆ ಮೊಳೆಯಂತೆ ಉದ್ದಬಿಟ್ಟು, ತೊಲೆಯಲ್ಲಿಯೂ ಹೊಸ್ತಿಲಿನಲ್ಲಿಯೂ ಕೊರೆದ ಗುಳಿಗಳಲ್ಲಿ ಅದನ್ನು ಕೂರಿಸುತ್ತಿದ್ದರು. ಕದದ ಭಾರವೆಲ್ಲವೂ ಬಾಗಿಲವಾಡದ ಮೇಲೆ ಬೀಳುತ್ತಿದ್ದುದರಿಂದ ಅದು ದಪ್ಪವಾಗಿಯೂ ಗಟ್ಟಿಯಾಗಿಯೂ ಇರಲೇ ಬೇಕಾಗಿತ್ತು. ಅಲಂಕಾರಕ್ಕೆ ಎಡೆಯು ದೊರೆತುದು ಆ ದಪ್ಪದಲ್ಲಿಯೇ.

ಶಾಸ್ತ್ರಕಾರರೂ ಈ ವಿಷಯವನ್ನು ಅಲಕ್ಷಿಸಲಿಲ್ಲ. ೬ನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಮನೆಯ ಬಾಗಿಲಿನ ಅಳತೆ, ಸ್ಥಾನ, ದೋಷಗಳನ್ನು ವಿವರಿಸಿರುವನು. ಮನೆಯ ಮೂಲದ್ವಾರವನ್ನು ಉಳಿದ ಬಾಗಿಲುಗಳು ಚೆಲುವಿನಲ್ಲಿ ಮೀರಬಾರದೆಂದೂ, ಅದನ್ನು ಕಲಶ, ಫಲ, ಪತ್ರ, ಗಣಗಳೇ ಮೊದಲಾದ ಮಂಗಳಚಿಹ್ನೆಗಳಿಂದ ಸಿಂಗರಿಸಬೇಕೆಂದೂ ಅವನ ಅಭಿಪ್ರಾಯ. ತಾನಾಗಿ ತೆರೆದುಕೊಳ್ಳುವ ಅಥವಾ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಅವನ ಮತದಲ್ಲಿ ಅಶುಭ. ಇದನ್ನು ಶಕುನವೆಂದು ತಳ್ಳಿಬಿಡುವ ಮೊದಲು ಬಡಗಿಯ ಕಣ್ಣಿನಿಂದ ನೋಡುವುದು ಮೇಲು. ಬಾಗಿಲವಾಡವು ಓರೆಯಾಗಿ ನಿಂತರೆ ಕದವು ತಾನಾಗಿ ಸರಿಯುವುದು; ಓರೆಯಾಗಿ ನಿಂತ ಬಾಗಿಲವಾಡವು ತಳಪಾಯ ಕುಸಿದುದರ ಗುರುತಾಗಿರಬಹುದು. ದೇವಾಲಯಗಳ ಬಾಗಿಲವಾಡಕ್ಕೆ ಮೂರು, ಐದು, ಏಳು ಅಥವಾ ಒಂಬತ್ತು ಶಾಖೆಗಳು ಪ್ರಶಸ್ತವೆಂದೂ, ಅದರ ಕೆಳಗಿನ ಕಾಲುಭಾಗದಲ್ಲಿ ದ್ವಾರಪಾಲಕರನ್ನು ನಿಲ್ಲಿಸಬೇಕೆಂದೂ ಅವನು ಹೇಳಿರುವನು. ಶಾಖೆಯೆಂದರೆ ಬಾಗಿಲವಾಡದ ಉದ್ದಕ್ಕೂ ಒಂದರ ಪಕ್ಕದಲ್ಲಿ ಒಂದು ಏರಿಹೋಗುವ ಕೆತ್ತನೆಯ ಪಟ್ಟಿಕೆ.

ಈ ಶಾಸ್ತ್ರವಚನವು ಕಲ್ಲಿನಲ್ಲಿ ಮೂಡಿದ ಬಗೆಯನ್ನು ಕಾಣಬೇಕಾದರೆ ಮಲಪ್ರಭೆಯ ತೀರಕ್ಕೆ ಹೋಗಬೇಕು. ಬಾದಾಮಿ ಚಾಲುಕ್ಯರ ಕಾಲದಲ್ಲಿ ಐಹೊಳೆ ಪಟ್ಟದಕಲ್ಲುಗಳಲ್ಲಿ ಎದ್ದ ದೇವಾಲಯಗಳ ಬಾಗಿಲವಾಡಗಳಲ್ಲಿ ಶಾಖೆಗಳ ಬುಡದಲ್ಲಿ ಗಂಗೆ ಯಮುನೆಯರು ನಿಂತಿರುವುದುಂಟು. ನೆತ್ತಿಯ ಮೇಲೆ ಗರುಡನು ನಾಗಗಳ ಬಾಲಗಳನ್ನು ಎರಡು ಕೈಗಳಿಂದ ಹಿಡಿದಿರುವನು. ಆ ನಾಗಗಳ ಮೈಯೇ ಶಾಖೆಯಾಗಿ ಎರಡು ಪಕ್ಕಗಳಲ್ಲಿಯೂ ಕೆಳಗಿಳಿಯುವುದು. ಒಳಕ್ಕೆ ಹೋಗುವ ಭಕ್ತನು ಎರಡು ನದಿಗಳ ನಡುವೆ ನಡೆದು ಶುದ್ಧನಾಗಿ ಹೋಗಬೇಕೆಂಬುದು ಗಂಗೆ ಯಮುನೆಯರನ್ನು ಅಲ್ಲಿ ನಿಲ್ಲಿಸಿದುದರ ಆಶಯ. ಅಲಂಕಾರವು ಅಲ್ಲಿ ಕಣ್ಣಿಗೆ ಮಾತ್ರ ಹಬ್ಬವಲ್ಲ. ಹೊಸ್ತಿಲನ್ನು ದಾಟುವವನಿಗೆ ಅದು ಒಂದು ಸೂಚನೆ.

ಮುಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಶಿಲ್ಪಿಯು ಮರಳುಗಲ್ಲನ್ನು ಬಿಟ್ಟು ಮೃದುವಾದ ಬಳಪದ ಕಲ್ಲನ್ನು ಹಿಡಿದನು. ಗಣಿಯಿಂದ ತೆಗೆದಾಗ ಈ ಕಲ್ಲು ಉಳಿಗೆ ಸುಲಭವಾಗಿ ಮಣಿಯುವುದು. ಇದರಿಂದ ಬಾಗಿಲವಾಡದ ಕೆತ್ತನೆಯು ಸೂಕ್ಷ್ಮತೆಯ ತುದಿಯನ್ನು ಮುಟ್ಟಿತು. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲವಾಡಗಳನ್ನು ನೋಡಿದವರು ಅದು ಕಲ್ಲೋ ದಂತವೋ ಎಂದು ಬೆರಗಾಗುವರು. ಬಳ್ಳಿ, ಸಣ್ಣ ಕಂಬ, ಗಣ, ಪತ್ರ ಎಂದು ಒಂದೊಂದು ಶಾಖೆಯೂ ಬೇರೆ ಬೇರೆ. ಆದರೂ ಒಂದು ಇನ್ನೊಂದನ್ನು ಕೆಡಿಸದು. ಕ್ರಿ. ಶ. ೧೧೧೨ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯವೂ ಇದೇ ಪರಂಪರೆಯದು. ಈ ಕಾಲದ ಬಾಗಿಲವಾಡಗಳ ಲಲಾಟದಲ್ಲಿ ಗಜಲಕ್ಷ್ಮಿಯು ಕುಳಿತಿರುವುದು ಬಹು ಸಾಮಾನ್ಯ. ಇಕ್ಕೆಲದ ಆನೆಗಳು ನೀರೆರೆಯುತ್ತಿರುವ ಆ ಮೂರ್ತಿಯೇ ಇಂದಿಗೂ ಮನೆಗಳ ಅಡ್ಡತೊಲೆಯ ನಡುವೆ ಮರದಲ್ಲಿ ಕೆತ್ತಲ್ಪಡುತ್ತಿರುವುದು. ಬೇಲೂರಿನಲ್ಲಿ ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಿಸಿದ ದೇವಾಲಯದ ಮೂಡಣ ಬಾಗಿಲಿನ ಇಕ್ಕೆಲಗಳಲ್ಲಿ ರತಿಮನ್ಮಥರೂ, ಮೇಲೆ ಗರುಡನೂ, ಅದರ ಮೇಲೆ ಹಿರಣ್ಯಕಶಿಪುವನ್ನು ಸೀಳುವ ನರಸಿಂಹನೂ ಇರುವರು. ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲಿನಲ್ಲಿ ದೈತ್ಯನನ್ನು ಕೊಂದವನಿಗೆ ಬಾಗಿಲಿನ ನೆತ್ತಿಗಿಂತ ತಕ್ಕ ಸ್ಥಾನವು ಬೇರೆ ಯಾವುದಿದ್ದೀತು?

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕಾಗಿದೆ. ಕಲ್ಲಿನ ಬಾಗಿಲವಾಡಗಳು ಉಳಿದಿವೆ. ಮರದ ಕದಗಳು ಗೆದ್ದಲಿಗೂ ಬೆಂಕಿಗೂ ಮಳೆಗೂ ತುತ್ತಾಗಿವೆ. ಕದಗಳೂ ಅಷ್ಟೇ ಅಲಂಕೃತವಾಗಿದ್ದಿರಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಕೆಲವು ಇದ್ದಿರಲೂಬಹುದು. ಆದರೆ ನಿಲ್ಲುವ ಭಾಗಕ್ಕೆ ಕಲ್ಲನ್ನೂ ಶ್ರೇಷ್ಠ ಶಿಲ್ಪಿಯನ್ನೂ ಕೊಟ್ಟು, ತಿರುಗುವ ಭಾಗವನ್ನು ಕಾಲಕಾಲಕ್ಕೆ ಹೊಸದು ಮಾಡಬಹುದಾದ ಮರಕ್ಕೆ ಬಿಟ್ಟುದೇ ಕಟ್ಟಿದವರ ಮನಸ್ಸನ್ನು ತಿಳಿಸುವುದು. ಕದವು ಸವೆಯತಕ್ಕದ್ದು, ಬಾಗಿಲವಾಡವು ನಿಲ್ಲತಕ್ಕದ್ದು. ಈ ತಿಳಿವಳಿಕೆಯು ಮನೆಗಳಿಗೂ ಇಳಿದುಬಂದಿತು.

ಬಣ್ಣದ ವಿದ್ಯೆಯೂ ಆ ಕಾಲದವರಿಗೆ ಅಪರಿಚಿತವಾಗಿರಲಿಲ್ಲ. ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮದ ವಿವರಣೆಯಿದೆ. ಬಿಳುಪಿಗೆ ಶಂಖ, ಕೆಂಪಿಗೆ ಇಂಗಳೀಕ, ಅರಗು ಮತ್ತು ಕಾವಿಮಣ್ಣು, ಹಳದಿಗೆ ಹರಿದಳ, ಕಪ್ಪಿಗೆ ಕಾಡಿಗೆ ಎಂದು ಅಲ್ಲಿ ಹೇಳಿದೆ. ಎಮ್ಮೆಯ ಚರ್ಮವನ್ನು ಕುದಿಸಿ ತೆಗೆದ ವಜ್ರಲೇಪವೆಂಬ ಅಂಟಿನಿಂದ ಆ ಬಣ್ಣಗಳನ್ನು ಹಿಡಿಸುತ್ತಿದ್ದರು. ಚರ್ಮದ ಅಂಟು ನೆರಳಿನ ಗೋಡೆಗೆ ಒಗ್ಗುವುದು. ಮಳೆಯ ಎರಚಲಿಗೆ ಮೈಯೊಡ್ಡುವ ಕದಕ್ಕೆ ಒಗ್ಗದು, ನೀರಿಗೆ ಕರಗಿಹೋಗುವುದು. ಆದುದರಿಂದ ಬಣ್ಣವು ಗೋಡೆಯ ಮೇಲೆ ನಿಂತಿತು. ಕದಕ್ಕೆ ಎಣ್ಣೆಯೇ ಗತಿಯಾಯಿತು. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮರಕ್ಕೆ ಹಚ್ಚಿ ಗೆದ್ದಲನ್ನು ದೂರವಿಡುವ ರೂಢಿಯು ಪ್ರಸಿದ್ಧವಾಗಿದೆ. ವರ್ಷ ವರ್ಷವೂ ಎಣ್ಣೆ ಕುಡಿದ ಕದವು ಕಪ್ಪಾಗಿ ಮಿರುಗುವುದು. ಹಳೆಯ ಮನೆಗಳಲ್ಲಿ ಕಾಣುವ ಆ ಕಡುಗಂದು ಬಣ್ಣವು ಯಾರೂ ಆರಿಸಿಕೊಂಡುದಲ್ಲ. ಕಾಲವೂ ಕೈಯೂ ಕೂಡಿ ಕೊಟ್ಟುದು.

ಬಾಗಿಲಿನಲ್ಲಿ ಬಣ್ಣವನ್ನು ರಾಜವೈಭವದಿಂದ ಮೆರೆಯಿಸಿದವರು ಬೀದರಿನ ಸುಲ್ತಾನರು. ಮಹಮೂದ್ ಗವಾನನು ೧೪೭೨ರಲ್ಲಿ ಅಲ್ಲಿ ಕಟ್ಟಿಸಿದ ಮದರಸದ ಮುಮ್ಮುಖವನ್ನು ಬಣ್ಣದ ಹೆಂಚಿನ ಬಿಲ್ಲೆಗಳಿಂದ ಮುಚ್ಚಿಸಿದ್ದನು. ಅವುಗಳಲ್ಲಿ ಉಳಿದಿರುವ ಕೆಲವು ಇಂದಿಗೂ ಹೊಳೆಯುತ್ತಿವೆ. ಬೀದರಿನ ಕೋಟೆಯೊಳಗಿನ ರಂಗೀನ್ ಮಹಲಿನ ಹೆಸರೇ ‘ಬಣ್ಣದ ಅರಮನೆ’ ಎಂದಾಗುವುದು. ೧೬ನೆಯ ಶತಮಾನದಲ್ಲಿ ಅಲಿ ಬರೀದ್ ಶಹನು ಅದನ್ನು ಹೊಸದಾಗಿ ಕಟ್ಟಿಸಿದಾಗ, ಒಳಕೋಣೆಯ ಬಾಗಿಲಿನ ಸುತ್ತ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕುಂದಣಿಸಿ ಬಳ್ಳಿಗಳನ್ನು ಬಿಡಿಸಲಾಯಿತು. ಮತವೂ ರೀತಿಯೂ ಬೇರೆಯಾದರೂ ಇಲ್ಲಿಯೂ ಅಲಂಕಾರವು ನಿಂತುದು ಬಾಗಿಲಿನ ಸುತ್ತಲೇ. ಲಕ್ಕುಂಡಿಯ ಶಿಲ್ಪಿಯೂ ಬೀದರಿನ ಕಸಬುದಾರನೂ ಈ ಒಂದು ಮಾತಿನಲ್ಲಿ ಒಪ್ಪಿಕೊಂಡಂತೆ ತೋರುವುದು.

ಕೋಟೆಯ ಬಾಗಿಲುಗಳ ಮಾತು ಬೇರೆ. ಅಲ್ಲಿ ಕದವೇ ಪ್ರಧಾನ. ಆನೆಯು ಹಣೆಯೊತ್ತಿ ಒಡೆಯದಂತೆ ಕದಕ್ಕೆ ಕಬ್ಬಿಣದ ಮುಳ್ಳುಗಳನ್ನು ಬಡಿಯುತ್ತಿದ್ದರು. ಹಿರಿಯ ಕದವನ್ನು ದಿನವೂ ತೆರೆಯುವುದು ಪ್ರಯಾಸವೂ ಅಪಾಯವೂ ಆದುದರಿಂದ, ಅದರಲ್ಲಿಯೇ ಒಬ್ಬನು ಬಗ್ಗಿ ನುಸುಳುವಷ್ಟು ಚಿಕ್ಕ ದಿಡ್ಡಿಬಾಗಿಲನ್ನು ಇಡುತ್ತಿದ್ದರು. ಉತ್ತರ ಕರ್ನಾಟಕದ ಊರುಗಳ ಅಗಸಿಗಳಲ್ಲಿಯೂ ದೇಸಾಯರ ವಾಡೆಗಳಲ್ಲಿಯೂ ಈ ಏರ್ಪಾಡು ಕಂಡುಬರುವುದು. ದಂಡುಗಳ ಹಾವಳಿಯು ಹೆಚ್ಚಾಗಿದ್ದ ಕಾಲದಲ್ಲಿ ಸಿರಿವಂತನ ಮನೆಯ ಬಾಗಿಲು ಕೋಟೆಯ ಬಾಗಿಲನ್ನು ಅನುಕರಿಸಿತು. ದಪ್ಪ ಹಲಗೆ, ಹಿತ್ತಾಳೆಯ ಗುಬ್ಬಿಗಳು, ಗೋಡೆಯೊಳಗೆ ಸರಿದುಹೋಗುವ ಅಡ್ಡಮರ ಇವೆಲ್ಲವೂ ಆಗ ಅಂದಕ್ಕಿಂತ ಹೆಚ್ಚಾಗಿ ಅಂಜಿಕೆಯ ಫಲ. ಇಂದು ಹೊಸ ಮನೆಯವನು ಅಲಂಕಾರಕ್ಕೆಂದು ಹಚ್ಚಿಸುವ ಹಿತ್ತಾಳೆಯ ಗುಬ್ಬಿಯ ಹಿಂದೆ ಆ ಅಂಜಿಕೆಯ ನೆನಪು ಉಂಟು.

ಸಾಮಾನ್ಯ ಗೃಹಸ್ಥನ ಮನೆಯಲ್ಲಿ ಬಾಗಿಲಿನ ರೀತಿಯನ್ನು ನಿರ್ಧರಿಸಿದುದು ಸೀಮೆಯ ಮಳೆ ಬಿಸಿಲುಗಳು ಮತ್ತು ಸಿಕ್ಕುವ ಮರ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಾಡು ಬಹಳ ಕೆಳಗಿನವರೆಗೆ ಚಾಚಿಕೊಂಡು ಬರುವುದು. ಬಾಗಿಲು ಜಗಲಿಯ ಒಳಗೆ, ನೆರಳಿನಲ್ಲಿ ಇರುವುದು. ಹಲಸು, ಹೊನ್ನೆ, ಮತ್ತಿ, ಬೀಟೆ, ತೇಗ ಈ ಮರಗಳು ಹತ್ತಿರದಲ್ಲಿಯೇ ದೊರೆಯುತ್ತಿದ್ದುದರಿಂದ ಅಲ್ಲಿ ಬಾಗಿಲವಾಡವು ಅಗಲವಾಯಿತು, ಕೆತ್ತನೆಯು ಬೆಳೆಯಿತು. ಸಾಗರ ಸೊರಬಗಳ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಮರವನ್ನು ಬಲ್ಲ ಅಂತಹ ಕೈಗಳು ಆ ಸೀಮೆಯಲ್ಲಿ ಇದ್ದುದರಿಂದಲೇ ಮನೆಯ ಬಾಗಿಲೂ ಸಿಂಗಾರವನ್ನು ಕಂಡಿತು. ಬಯಲುಸೀಮೆಯಲ್ಲಿ ಮರವು ದುರ್ಲಭ. ಅಲ್ಲಿ ಮಣ್ಣಿನ ಅಥವಾ ಕಲ್ಲಿನ ದಪ್ಪ ಗೋಡೆಯಲ್ಲಿ ಬಾಗಿಲು ಕಿರಿದಾಗಿರುವುದು; ಬಿಸಿಲನ್ನು ತಡೆಯುವುದೂ ಅದರ ಕೆಲಸ. ಕೊಡಗಿನ ಐನ್ಮನೆಗಳಲ್ಲಿ ಕುಲದವರೆಲ್ಲರೂ ಕೂಡುವ ಹಿರಿಯ ಮನೆಯೆಂಬ ಗೌರವವು ಬಾಗಿಲು ಕಿಟಕಿಗಳ ಕೆತ್ತನೆಯಲ್ಲಿಯೇ ತೋರುವುದು.

ಸೀಮೆ ಯಾವುದಾದರೂ ಒಂದು ಪದ್ಧತಿಯು ಎಲ್ಲೆಡೆಯಲ್ಲಿಯೂ ಸಮಾನ. ಗೋಡೆಯು ಪೂರ್ತಿಯಾಗಿ ಏಳುವ ಮೊದಲೇ ಒಳ್ಳೆಯ ದಿನವನ್ನು ನೋಡಿ ಬಾಗಿಲವಾಡವನ್ನು ನಿಲ್ಲಿಸುವರು. ಅದಕ್ಕೆ ಅರಿಸಿನ ಕುಂಕುಮಗಳನ್ನು ಹಚ್ಚಿ, ಮಾವಿನೆಲೆಯನ್ನು ಕಟ್ಟಿ, ಪೂಜಿಸಿ, ಬಡಗಿಗೆ ತಾಂಬೂಲವನ್ನೂ ಉಡುಗೊರೆಯನ್ನೂ ಕೊಡುವರು. ಕದವನ್ನು ಇಡುವ ದಿನಕ್ಕೆ ಇಷ್ಟು ಸಂಭ್ರಮವಿಲ್ಲ. ಗೋಡೆಯಿಲ್ಲದ ಬಯಲಿನಲ್ಲಿ ಒಂಟಿಯಾಗಿ ನಿಂತ ಬಾಗಿಲವಾಡವನ್ನು ಕಂಡವರಿಗೆ ಅಲ್ಲಿ ಮನೆಯು ಆಗಲೇ ಹುಟ್ಟಿತೆಂಬ ಭಾವನೆಯಾಗುವುದು. ಹಳೆಯ ಮನೆಗಳಲ್ಲಿ ಬಾಗಿಲು ತಗ್ಗಾಗಿಯೂ ಹೊಸ್ತಿಲು ಎತ್ತರವಾಗಿಯೂ ಇದ್ದುದರಿಂದ ಒಳಗೆ ಬರುವವನು ತಲೆಬಗ್ಗಿಸಿ, ಕಾಲೆತ್ತಿ, ನಿಧಾನವಾಗಿ ಬರಬೇಕಾಗಿತ್ತು. ವಿನಯವನ್ನು ಕಲಿಸುವುದಕ್ಕೆ ಹೀಗೆ ಮಾಡಿದರೆಂದು ಹಿರಿಯರು ಹೇಳುವುದುಂಟು. ಮಳೆನೀರೂ ಹುಳುಹುಪ್ಪಟೆಯೂ ಒಳಗೆ ಬಾರದಿರಲೆಂಬುದೂ, ಕಳ್ಳನು ಒಮ್ಮೆಗೇ ನುಗ್ಗದಿರಲೆಂಬುದೂ ಅದರ ಜೊತೆಗೆ ಸೇರಿದ ಕಾರಣಗಳು.

ಬಾಗಿಲಿನ ಬಣ್ಣವು ಬಡಗಿಯ ಕೆಲಸವಾಗಿರಲಿಲ್ಲ. ಅದು ಹೆಂಗಸರ ಕೆಲಸವಾಗಿತ್ತು. ಬೆಳಗ್ಗೆ ಅಂಗಳವನ್ನು ಸಾರಿಸಿ ರಂಗವಲ್ಲಿಯನ್ನು ಇಡುವುದು, ಹೊಸ್ತಿಲನ್ನು ತೊಳೆದು ಅರಿಸಿನ ಕುಂಕುಮಗಳನ್ನು ಹಚ್ಚುವುದು, ಜಗಲಿಯ ಅಂಚಿಗೆ ಕೆಮ್ಮಣ್ಣನ್ನು ಬಳಿದು ಸುಣ್ಣದ ಗೆರೆಗಳನ್ನು ಎಳೆಯುವುದು, ಯುಗಾದಿಗೆ ಮಾವು ಬೇವುಗಳ ತೋರಣವನ್ನು ಕಟ್ಟುವುದು, ದೀಪಾವಳಿಯಲ್ಲಿ ಸೆಗಣಿಯ ಉಂಡೆಗಳಿಗೆ ಹೂವನ್ನು ಸಿಕ್ಕಿಸಿ ಬಾಗಿಲಿನ ಇಕ್ಕೆಲಗಳಲ್ಲಿ ಇರಿಸುವುದು, ಹೀಗೆ ಹಳದಿ, ಕೆಂಪು, ಬಿಳುಪು, ಹಸುರು ಎಂಬ ನಾಲ್ಕು ಬಣ್ಣಗಳು ತಲೆಬಾಗಿಲಿನ ಸುತ್ತ ವರ್ಷವಿಡೀ ಹೊಸದಾಗುತ್ತಿದ್ದುವು. ಈ ಬಣ್ಣಗಳ ಗುಣವೇನೆಂದರೆ ಅವು ನಿಲ್ಲುವುದಿಲ್ಲ. ನಿಲ್ಲದಿರುವುದರಿಂದಲೇ ದಿನವೂ ಒಂದು ಕೈ ಅಲ್ಲಿಗೆ ಬರಬೇಕು. ಹೊಸ್ತಿಲ ಸ್ಥಿತಿಯನ್ನು ನೋಡಿ ಮನೆಯಲ್ಲಿ ಒಡೆಯನಿರುವನೋ ಇಲ್ಲವೋ ಎಂದು ಊಹಿಸುವ ದೃಷ್ಟಾಂತವು ಬಸವಣ್ಣನವರ ಒಂದು ವಚನದಲ್ಲಿ ಬಂದಿದೆ. ೧೨ನೆಯ ಶತಮಾನದ ಕೇಳುಗರಿಗೆ ಅದು ಒಡನೆಯೇ ಅರ್ಥವಾಗುವಂತಿದ್ದಿತು.

ಗೋಡೆಯ ಮೇಲಿನ ಚಿತ್ರಕ್ಕೂ ಬಾಗಿಲಿಗೂ ಬಿಡದ ಸಂಬಂಧವಿದೆ. ಶಿವಮೊಗ್ಗ ಮತ್ತು ಉತ್ತರ ಕನ್ನಡ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪಿನಿಂದಲೂ ಹುರಿದು ಕರಿದಾದ ಅಕ್ಕಿಯ ಕಪ್ಪಿನಿಂದಲೂ, ಪುಂಡಿನಾರಿನ ಕುಂಚವನ್ನು ಹಿಡಿದು, ಹಸೆಯ ಚಿತ್ತಾರವನ್ನು ಬರೆಯುವರು. ಕರಾವಳಿಯಲ್ಲಿ ಕಾವಿಯ ಕಲೆಯಿತ್ತು. ನುಣುಪಾದ ಸುಣ್ಣದ ಗಾರೆಯ ಮೇಲೆ, ಅದು ಹಸಿಯಾಗಿರುವಾಗಲೇ ಕಾವಿಯ ಪದರವನ್ನು ಕೊಟ್ಟು, ಚೂಪಾದ ಸಲಕರಣೆಯಿಂದ ಹೆರೆದು ಕೆಳಗಿನ ಬಿಳುಪನ್ನು ತೋರಿಸುವುದು ಅದರ ವಿಧಾನ. ಗೋವೆಯಲ್ಲಿಯೂ ಅಂಕೋಲೆ ಕುಮಟೆಗಳ ಕಡೆಯಲ್ಲಿಯೂ ದೇವಾಲಯಗಳನ್ನು ಹೀಗೆ ಸಿಂಗರಿಸಿದುದು ಕಂಡುಬರುವುದು. ಸುಣ್ಣದೊಡನೆ ಬೆರೆತ ಕಾವಿಯು ಕರಾವಳಿಯ ಮಳೆಯನ್ನೂ ತಡೆದು ನಿಲ್ಲುವುದು. ಬಿಳಿಯ ಗೋಡೆ, ಕೆಂಪು ಗೆರೆ, ನಡುವೆ ಎಣ್ಣೆ ಕುಡಿದ ಕಂದು ಬಾಗಿಲು ಎಂಬ ಮೂರು ಬಣ್ಣಗಳ ಕೂಟವು ಈ ನಾಡಿನ ಮನೆಯ ಮುಖಕ್ಕೆ ಬಹುಕಾಲದಿಂದ ಒಪ್ಪಿಕೊಂಡು ಬಂದಿದೆ.

ಬಾಗಿಲಿನ ಚೆಲುವನ್ನು ಹೊಗಳುವವನು ಅದರ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಅರಿಸಿನ ಹಚ್ಚಿದ ಹೊಸ್ತಿಲು ಕೆಲವರನ್ನು ಕರೆಯಿತು. ಕೆಲವರನ್ನು ಅಂಗಳದಲ್ಲಿಯೇ ನಿಲ್ಲಿಸಿತು. ಆ ಮನೆಯ ಹೊಲವನ್ನು ಉತ್ತವನು, ಆ ಬಾಗಿಲಿನ ಮುಂದಿನ ಬೀದಿಯನ್ನು ಗುಡಿಸಿದವನು, ಜಾತಿಯ ಕಾರಣದಿಂದ ಹೊಸ್ತಿಲನ್ನು ದಾಟುವಂತಿರಲಿಲ್ಲ. ತಲೆಬಾಗಿಲಿನ ಗಜಲಕ್ಷ್ಮಿಯನ್ನು ಅವನು ದೂರದಿಂದ ನೋಡಿದನು, ಒಳಗಿನಿಂದ ನೋಡಲಿಲ್ಲ. ಉಡುಪಿಯಲ್ಲಿ ಬಾಗಿಲಿನ ಹೊರಗೆ ಉಳಿದ ಕನಕದಾಸರಿಗೆ ಗೋಡೆಯ ಬಿರುಕಿನಲ್ಲಿ ಕೃಷ್ಣನ ದರ್ಶನವಾಯಿತೆಂಬ ಐತಿಹ್ಯವು ಇಂದಿಗೂ ಕನಕನ ಕಿಂಡಿಯ ರೂಪದಲ್ಲಿ ನಿಂತಿದೆ. ಬಾಗಿಲು ಮಾಡದ ಕೆಲಸವನ್ನು ಕಿಂಡಿಯು ಮಾಡಿತೆಂದು ಜನರು ನಂಬಿದುದರಲ್ಲಿ ಬಾಗಿಲನ್ನು ಕುರಿತ ಒಂದು ಕಠಿನವಾದ ತೀರ್ಪು ಅಡಗಿದೆ. ೧೯೫೦ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ ೧೭ನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಕಾನೂನು ದೇಗುಲದ ಬಾಗಿಲನ್ನು ತೆರೆಯಿಸಬಲ್ಲದು. ಮನೆಯ ಬಾಗಿಲನ್ನು ತೆರೆಯತಕ್ಕವನು ಮನೆಯವನೇ.

೧೯ನೆಯ ಶತಮಾನದ ಉತ್ತರಾರ್ಧದಲ್ಲಿ ತಲೆಬಾಗಿಲಿನ ರೀತಿಯು ಬೇಗ ಬೇಗ ಬದಲಾಯಿತು. ಅದಕ್ಕೆ ಕಾರಣಗಳು ಹಲವು. ಬ್ರಿಟಿಷ್ ಆಡಳಿತದ ಸೀಮೆಗಳಲ್ಲಿ ೧೮೭೮ರ ಅರಣ್ಯ ಕಾನೂನಿನಿಂದ ಕಾಡುಗಳನ್ನು ಕಾದಿಟ್ಟ ಅರಣ್ಯಗಳೆಂದು ಗೊತ್ತುಮಾಡಿದ ಮೇಲೆ ರೈತನು ತನ್ನ ಮನೆಗೆ ಬೇಕಾದ ತೇಗವನ್ನೂ ಬೀಟೆಯನ್ನೂ ತಾನಾಗಿ ಕಡಿದು ತರುವಂತಿರಲಿಲ್ಲ. ಮರಕ್ಕೆ ಬೆಲೆ ಏರಿದಂತೆ ಬಾಗಿಲವಾಡವು ತೆಳುವಾಯಿತು. ತೆಳುವಾದ ಬಾಗಿಲವಾಡದಲ್ಲಿ ಶಾಖೆಗಳಿಗೆ ಎಡೆಯಿರಲಿಲ್ಲ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಬಂದಿತು, ಗೋಡೆಯು ಎತ್ತರವಾಯಿತು, ಅದರೊಡನೆ ಬಾಗಿಲೂ ಎತ್ತರವಾಯಿತು. ಕಬ್ಬಿಣದ ಕೀಲುಗಳು ಅಗ್ಗವಾದ ಮೇಲೆ ಹೊಸ್ತಿಲಿನ ಗುಳಿಯು ಬೇಡವಾಯಿತು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ತಗಲಿದಾಗ ಇಕ್ಕಟ್ಟಾದ ಪೇಟೆಯ ಮನೆಗಳ ದೋಷವು ಎಲ್ಲರಿಗೂ ತಿಳಿಯಿತು. ಬಸವನಗುಡಿ ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳಲ್ಲಿ ಗಾಳಿ ಬೆಳಕುಗಳಿಗೆ ಪ್ರಾಧಾನ್ಯ ಬಂದಿತು. ಬಾಗಿಲಿನ ಮೇಲೆ ಬಣ್ಣದ ಗಾಜಿನ ಬೆಳಕಿಂಡಿ, ಪಕ್ಕದಲ್ಲಿ ಕಿಟಕಿ, ಮುಂದೆ ತೆರೆದ ವರಾಂಡ ಇವು ಹೊಸ ರೀತಿಯ ಗುರುತುಗಳಾದುವು. ಹಳೆಯ ಬಾಗಿಲು ಕತ್ತಲೆಯನ್ನು ಕಾಯುತ್ತಿತ್ತು. ಹೊಸದು ಬೆಳಕನ್ನು ಕರೆಯಿತು. ಇದು ನಷ್ಟವಲ್ಲ, ಲಾಭವೇ ಎಂದು ಒಪ್ಪಬೇಕು.

ಹಳೆಯ ಕೈಗಳು ಆಗ ಪೂರ್ತಿಯಾಗಿ ಸುಮ್ಮನಾಗಲಿಲ್ಲ. ೧೮೯೭ರಲ್ಲಿ ಮೈಸೂರಿನ ಮರದ ಅರಮನೆಯು ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ನನ ಯೋಜನೆಯಂತೆ ಹೊಸ ಅರಮನೆಯನ್ನು ಕಟ್ಟಿ ೧೯೧೨ರಲ್ಲಿ ಪೂರೈಸಿದರು. ಅಲ್ಲಿಯ ಅಂಬಾವಿಲಾಸದ ಬೀಟೆಯ ಬಾಗಿಲಿನಲ್ಲಿ ದಂತವನ್ನು ಕುಂದಣಿಸಿದ ಮೈಸೂರಿನ ಕುಶಲಿಗಳು ಕದವನ್ನೇ ಚಿತ್ರಫಲಕವನ್ನಾಗಿ ಮಾಡಿದರು. ಅದು ಅರಮನೆಯ ಒಳಗಿನ ಬಾಗಿಲು. ಮಳೆಯನ್ನೂ ಬಿಸಿಲನ್ನೂ ಕಾಣದುದು. ಬೀದಿಯ ಕಡೆಗೆ ಮುಖ ಮಾಡಿದ ಗೃಹಸ್ಥನ ಕದಕ್ಕೆ ಆ ಭಾಗ್ಯವಿಲ್ಲ.

ಆ ಕದಕ್ಕೆ ಬಂದುದು ಎಣ್ಣೆಬಣ್ಣ. ಅಗಸೆಯೆಣ್ಣೆಯಲ್ಲಿ ಅರೆದ ಬಣ್ಣವು ಒಣಗಿದ ಮೇಲೆ ಚರ್ಮದಂತೆ ಗಟ್ಟಿಯಾಗುವುದು, ಮಳೆಗೆ ಕರಗದು. ವಜ್ರಲೇಪದ ಕಾಲದಲ್ಲಿ ಆಗದಿದ್ದುದು ಈಗ ಸಾಧ್ಯವಾಯಿತು. ಮೊದಲು ಹೊರದೇಶಗಳಿಂದ ಬರುತ್ತಿದ್ದ ಈ ಬಣ್ಣಗಳನ್ನು ಕ್ರಮೇಣ ಇಲ್ಲಿಯೇ ತಯಾರಿಸತೊಡಗಿದರು. ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯು ಸ್ಥಾಪಿತವಾಯಿತು. ೧೯೬೨ರಿಂದ ಚುನಾವಣೆಗಳಲ್ಲಿ ಮತದಾರರ ಬೆರಳಿಗೆ ಹಚ್ಚುವ ಶಾಯಿಯೂ ಅಲ್ಲಿಯದೇ. ಹಸುರು, ನೀಲಿ, ಕಂದು ಎಂದು ಊರೂರಿನ ಕದಗಳು ಬಣ್ಣವನ್ನು ತೊಟ್ಟುವು. ಬಾಗಿಲವಾಡವು ತೆಳುವಾಗಿ ಮಾತು ಕಳೆದುಕೊಂಡ ಕಾಲದಲ್ಲಿ ಕದವು ಮಾತನಾಡತೊಡಗಿತು. ಹೊಸ್ತಿಲಿನ ಅರಿಸಿನಕ್ಕೆ ಬದಲಾಗಿ ಹಳದಿಯ ಎಣ್ಣೆಬಣ್ಣವನ್ನೇ ಒಮ್ಮೆ ಬಳಿದು, ಅದರ ಮೇಲೆ ಕೆಂಪು ಬಿಳಿಯ ರಂಗವಲ್ಲಿಯನ್ನು ಕಾಯಮ್ಮಾಗಿ ಬರೆಯಿಸುವ ಪದ್ಧತಿಯೂ ಬಂದಿತು. ದಿನವೂ ಬರುತ್ತಿದ್ದ ಕೈಯು ವರ್ಷಕ್ಕೊಮ್ಮೆ ಬಂದರೆ ಸಾಕಾಯಿತು.

ಎಣ್ಣೆಬಣ್ಣವು ಅನುಕೂಲದೊಡನೆ ಒಂದು ಕೇಡನ್ನೂ ತಂದಿತು. ಹೊಳಪಿಗೂ ಬೇಗ ಒಣಗುವುದಕ್ಕೂ ಅದರಲ್ಲಿ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವ ವಿಷ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ ೯೦ ಭಾಗವನ್ನು ಮೀರಬಾರದೆಂದು ಭಾರತ ಸರಕಾರವು ನಿಯಮ ಮಾಡಿದುದು ೨೦೧೬ರಲ್ಲಿ. ಆದುದರಿಂದ ಹಳೆಯ ಕದದ ಬಣ್ಣವನ್ನು ಒಣದಾಗಿ ಉಜ್ಜಿ ತೆಗೆಯುವಾಗ ಏಳುವ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ನೀರು ಚಿಮುಕಿಸಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿ, ಧೂಳನ್ನು ಒದ್ದೆಯ ಬಟ್ಟೆಯಿಂದ ಒರಸಿ ತೆಗೆಯುವುದು ವಿವೇಕ. ಅಂದವನ್ನು ಹುಡುಕುವವನು ಇಷ್ಟನ್ನಾದರೂ ತಿಳಿದಿರತಕ್ಕದ್ದು.

ಈಗಿನ ಕಾಲದ ಸಂಗತಿಯು ಇನ್ನೂ ವಿಚಿತ್ರ. ಅಣ್ಣತಮ್ಮಂದಿರು ಬೇರೆಯಾಗಿ, ಊರು ಬಿಟ್ಟು ಪಟ್ಟಣವನ್ನು ಸೇರಿ, ಹಿರಿಯರ ಮನೆಯನ್ನು ಕೆಡವುವಾಗ ಮೊದಲು ಮ��ರಾಟವಾಗುವುದು ತಲೆಬಾಗಿಲೇ. ನಾಲ್ಕು ತಲೆಮಾರುಗಳ ಮದುಮಕ್ಕಳು ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದ ಬಾಗಿಲವಾಡವು ಮರದ ಲೆಕ್ಕದಲ್ಲಿ ತೂಗಿ ಹೋಗುವುದು. ಮುಂದೆ ಎಲ್ಲಿಯೋ ಒಂದು ಹೋಟೆಲಿನಲ್ಲಿ ಗೋಡೆಗೆ ಒರಗಿ ನಿಲ್ಲುವುದು, ಇಲ್ಲವೇ ಗಾಜು ಹೊದಿಸಿದ ಮೇಜಾಗುವುದು. ಅದನ್ನು ದಾಟಿ ಹೋಗುವವರು ಅಲ್ಲಿಲ್ಲ. ವಿಜಯನಾಥ ಶೆಣೈ ಅವರು ಹೀಗೆ ಅಳಿಯುತ್ತಿದ್ದ ಮನೆಗಳನ್ನು ಬಿಚ್ಚಿಸಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿ, ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದರು. ಬಾಗಿಲನ್ನು ಮನೆಯಿಂದ ಬೇರ್ಪಡಿಸದೆ ಮನೆಯೊಡನೆಯೇ ಉಳಿಸಬೇಕೆಂಬ ಅವರ ವಿವೇಕವು ಸ್ಮರಣೀಯವಾದುದು. ಆದರೆ ಎಲ್ಲ ಮನೆಗಳನ್ನೂ ಒಂದು ಗ್ರಾಮವು ಕಾಯಲಾರದು.

ಇಷ್ಟನ್ನು ತಿಳಿದ ಮೇಲೆ, ತಲೆಬಾಗಿಲಿನ ರೀತಿಯನ್ನೂ ಬಣ್ಣವನ್ನೂ ಆರಿಸಬೇಕಾದವನಿಗೆ ಚರಿತ್ರೆಯು ಹೇಳುವ ಮಾತು ಕಷ್ಟದ್ದಲ್ಲ. ಹಣವು ಮಿತವಾಗಿದ್ದರೆ ಅದನ್ನು ಕದದ ಕೆತ್ತನೆಗಿಂತ ಮೊದಲು ಬಾಗಿಲವಾಡದ ದಪ್ಪಕ್ಕೂ ಮಟ್ಟಸಕ್ಕೂ ಕೊಡುವುದು ಲೇಸು. ಕದವನ್ನು ಮುಂದೆಯೂ ಬದಲಾಯಿಸಬಹುದು. ಬಾಗಿಲಿನ ಮೇಲೆ ಮಳೆ ಬಿಸಿಲುಗಳನ್ನು ತಡೆಯುವ ಚಾಚು ಇಲ್ಲದಿದ್ದರೆ ಯಾವ ಬಣ್ಣವೂ ಬಹುಕಾಲ ನಿಲ್ಲದು. ನೆರಳಿನ ಬಾಗಿಲಿಗೆ ಎಣ್ಣೆಯೇ ಸಾಕು; ಬಿಸಿಲಿಗೆ ಮುಖವೊಡ್ಡಿದ ಬಾಗಿಲಿಗೆ ಬಣ್ಣವು ಬೇಕಾದೀತು. ಬಣ್ಣವನ್ನು ಬಳಿಯುವುದಾದರೆ ಗೋಡೆಯೊಡನೆಯೂ ಊರಿನ ಮಣ್ಣಿನೊಡನೆಯೂ ಹೊಂದುವುದನ್ನು ಆರಿಸಬೇಕು. ಕೆಮ್ಮಣ್ಣಿನ ಊರಿನಲ್ಲಿ ಕಾವಿಯ ಕೆಂಪು ಎಂದೂ ಪರಕೀಯವೆನಿಸದು. ಸುಣ್ಣದ ಬಿಳುಪಿನ ನಡುವೆ ಕಡುಹಸುರೂ ಕಡುಗಂದೂ ಒಪ್ಪುವುವು. ಹಿರಿಯರ ಮನೆಯ ಬಾಗಿಲವಾಡವು ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಆಯ್ಕೆಯೇ ಇಲ್ಲ. ಹೊಸ ಗೋಡೆಯ ಅಳತೆಯನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳುವುದು ಬಡಗಿಗೂ ಗಾರೆಯವನಿಗೂ ಅಸಾಧ್ಯವಾದುದಲ್ಲ. ಹಳೆಯ ಬಾಗಿಲು ತಗ್ಗಾಗಿದ್ದರೆ ಮೇಲೆ ಒಂದು ಬೆಳಕಿಂಡಿಯನ್ನು ಇಡಬಹುದು. ವೃದ್ಧರಿಗೆ ಹೊಸ್ತಿಲು ಎಡವಾದರೆ ಅದನ್ನು ತಗ್ಗಿಸುವುದರಲ್ಲಿಯೂ ದೋಷವಿಲ್ಲ. ಹಳೆಯದನ್ನು ಉಳಿಸುವುದೆಂದರೆ ಅದರ ಅನಾನುಕೂಲವನ್ನೂ ಉಳಿಸುವುದೆಂದು ಅರ್ಥವಲ್ಲ.

ಲಕ್ಕುಂಡಿಯ ಶಿಲ್ಪಿಯು ಬಳ್ಳಿಗಳನ್ನು ಕೆತ್ತಿದುದಾಗಲಿ, ಬಡವರ ಮನೆಯ ಮುದುಕಿಯು ಕೆಮ್ಮಣ್ಣಿನ ಮೇಲೆ ಎರಡು ಸುಣ್ಣದ ಗೆರೆಗಳನ್ನು ಎಳೆದುದಾಗಲಿ, ಹೊರಗಿನಿಂದ ಬರುವವನನ್ನು ಎದುರುನೋಡಿ ಮಾಡಿದ ಕೆಲಸಗಳು. ನೋಡಿಹೋಗುವವನಿಗಾಗಿ ಬಾಗಿಲನ್ನು ಸಿಂಗರಿಸುವುದು ಒಂದು ಬಗೆ. ಒಳಗೆ ಬರುವವನಿಗಾಗಿ ಸಿಂಗರಿಸುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಬಣ್ಣವು ಸಾಕು. ಎರಡನೆಯದಕ್ಕೆ ಹೊಸ್ತಿಲನ್ನು ದಿನವೂ ತೊಳೆಯುವ ಕೈಯೂ, ಬಂದವನು ಯಾರೆಂದು ಕೇಳುವ ಮೊದಲೇ ಅಗುಳಿಯನ್ನು ಸರಿಸುವ ಮನಸ್ಸೂ ಬೇಕು.